ಸಪ್ಪನ ತಂಬಾಕು

"ಸಪ್ಪಂದು ಐತೇನ್ರಿ?"

ಹುನಗುಂದದ ಆ ತಂಬಾಕಿನ ಅಂಗಡಿಗೆ ಬಂದು ಹೀಗೆ ಕೇಳುವವನು ಒಬ್ಬನೇ ಒಬ್ಬ. ರಂಗವ್ವ ಮೊಬೈಲಿನ ಹಾಡು ನಿಲ್ಲಿಸಿದಳು. ಎಲೆಯ ಕಡ್ಡಿ ತೆಗೆದು, ಒಂದು ಸಲ ತೊಳೆದು, ನೆರಳಲ್ಲಿ ಒಣಗಿಸಿದ ತಂಬಾಕು ಅದು. ಖಾರವಿಲ್ಲ, ಘಾಟಿಲ್ಲ. ಉಳಿದ ಗಂಡಸರು ಮೂಗು ಮುರಿಯುತ್ತಿದ್ದರು. ಆದರೂ ಅವಳು ವರ್ಷ ವರ್ಷವೂ ಒಂದು ಡಬ್ಬಿ ಮಾಡಿಡುತ್ತಿದ್ದಳು, ಹುಚ್ಚಿ!

ತಲೆ ಎತ್ತಿದರೆ ಬಂಡೆಪ್ಪ, ಎಷ್ಟೋ ವರ್ಷದ ಮೇಲೆ, ಕೈಯಲ್ಲಿ ಚಿಲುಮೆ ಹಿಡಿದು. ಮೀಸೆ ಬೆಳ್ಳಗಾಗಿತ್ತು, ತುಂಟ ಕಣ್ಣು ಮಾತ್ರ ಹಾಗೇ ಇದ್ದವು.

"ಕಿಸೆದಾಗ ಬೀಡಿಕಟ್ಟ ಐತಲ್ರಿ. ಚಿಲುಮಿ ಯಾಕ ಮತ್ತ?"

"ಕಲ್ಲಿನ ಲಾರಿ ಹೊಡಕೊಂತ ಊರೂರು ತಿರುಗಿದೆ. ಸಿಕ್ಕಿದ್ದು ಸೇದಿದೆ. ಬರೇ ನಾಲಿಗಿ ಸುಟ್ಟಿತು ನೋಡ, ರಂಗೀ."

"ರಂಗವ್ವ ಅನ್ರಿ. ಅಂಗಡಿ ಇದು."

"ಆತ್ರೀ, ರಂಗವ್ವಾರ!"

ಅವಳಿಗೂ ನಗು ಬಂತು, ಹಾಳಾದ್ದು. ಡಬ್ಬಿ ಮುಂದಿಟ್ಟಳು. ಅವನು ಚಿಲುಮೆ ತುಂಬಿ, ಕೆಂಡ ಇಟ್ಟು, ಮೆಲ್ಲಗೆ ಒಂದು ದಮ್ ಎಳೆದು ಕಣ್ಣು ಮುಚ್ಚಿದ. ಮನೆಗೆ ಬಂದವನ ಮುಖ ಅದು. ನೋಡುತ್ತ ನೋಡುತ್ತ ಅವಳು ಡಬ್ಬಿಯ ಮುಚ್ಚಳ ಹಾಕುವುದನ್ನೇ ಮರೆತಳು.

"ನಾ ಇನ್ನೂ ಒಬ್ಬಾವನೇ ಅದೇನಿ. ಈಗರೆ ಉಡಿಕಿ ಆಗೂಣೇನು? ಈ ಸಲ ಸೀರಿ ತಿರುಗಿ ಕಳಸಬ್ಯಾಡ."

"ಯಾವ ಸೀರಿ?"

ಗಂಡ ಸತ್ತವಳ ಮರುಮದುವೆಗೆ ಅವರಲ್ಲಿ ಉಡಿಕಿ ಎನ್ನುತ್ತಾರೆ. ಗಂಡು ಸೀರೆ ಕಳಿಸಬೇಕು. ಹೆಣ್ಣು ಇಟ್ಟುಕೊಂಡರೆ ಒಪ್ಪಿಗೆ. ತಿರುಗಿ ಬಂದರೆ ಮುಗಿಯಿತು, ಯಾಕೆಂದು ಕೇಳುವಂತಿಲ್ಲ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದ ರಂಗವ್ವ ಆ ಸೀರೆಗಾಗಿ ಬಾಗಿಲು ಕಾದಿದ್ದಳು. ಸೀರೆ ಬರಲಿಲ್ಲ. ಬಂಡೆಪ್ಪ ಹೇಳದೆ ಕೇಳದೆ ಊರು ಬಿಟ್ಟಿದ್ದ.

"ಇಳಕಲ್ಲ ಸೀರಿ. ನಿಮ್ಮಣ್ಣ ದುರ್ಗಪ್ಪನ ಕೈಯಾಗ ಕೊಟ್ಟಿದ್ದೆ. ಮರುದಿನ ತಂದು ಒಗದ. 'ಆಕಿ ಒಲ್ಲೆ ಅಂತಾಳ' ಅಂದ."

ರಂಗವ್ವ ಪರದೆ ಸರಿಸಿ ಒಳಗೆ ಹೋದಳು. ದುರ್ಗಪ್ಪ ಲಕ್ವಾ ಹೊಡೆದು ಮಲಗಿದ್ದ. ಅವನಿಗೆ ಉಣಿಸುವುದು, ಮೈ ಒರೆಸುವುದು ಎಲ್ಲ ಅವಳೇ.

"ಅಣ್ಣಾ, ನನಗ ಸೀರಿ ಬಂದಿತ್ತೇನು?"

ಅವನ ಸೊಟ್ಟ ಬಾಯಿ ಬಹಳ ಹೊತ್ತು ಅಲುಗಾಡಿತು.

"ನೀ ಹೋದ್ರ... ಅಂಗಡಿ ಯಾರ್ ನಡಸ್ತಿದ್ರು?"

ಥೂ! ಅವಳ ಇಡೀ ಬದುಕು ಇಷ್ಟೇ ಮಾತಿನಲ್ಲಿ ಮುಗಿದುಹೋಗಿತ್ತು. ಕಣ್ಣೊರೆಸಿಕೊಂಡು ಹೊರಗೆ ಬಂದಳು.

"ಆಗಿದ್ದಾತು ಬಿಡು," ಎಂದ ಬಂಡೆಪ್ಪ. "ನಾಳಿ ಇಳಕಲ್ಲಿಗೆ ಹೋಗೂಣು. ಬೇಕಾದ ಸೀರಿ ನೀನ ಆರಿಸು."

ಹೂಂ ಎನ್ನಲು ಬಾಯಿ ತೆರೆದಳು. ಆದರೆ ಬಂದದ್ದು ಬೇರೆಯೇ ಮಾತು.

"ಅಣ್ಣಗ ಹೊಟ್ಟಿಪಾಡಿತ್ತು, ಸುಳ್ಳ ಹೇಳಿದ. ನಿನಗೇನಾಗಿತ್ತು? ಒಂದ್ ಓಣಿ ದಾಟಿ ಬಂದು ಕೇಳಾಕ ಆಗಲಿಲ್ಲೇನು?"

"ಕೇಳಬಾರದಲ್ಲ, ರಂಗೀ. ಪದ್ಧತಿ..."

"ಪದ್ಧತಿ ನೋಡಿದಿ. ನನ್ನ ನೋಡ್ಲಿಲ್ಲ."

ಬಂಡೆಪ್ಪ ಮತ್ತೊಂದು ದಮ್ ಎಳೆಯಲು ನೋಡಿದ. ಚಿಲುಮೆ ಆರಿತ್ತು.

"ನಿನ್ನ ಮ್ಯಾಲಿನ ಜೀವ ಹೋಗಿಲ್ಲೋ. ಅದಕ್ಕ ಇಷ್ಟು ಸಿಟ್ಟು. ಇನ್ನ ಉಡಿಕಿ ನನ್ನ ಕೈಲೆ ಆಗಂಗಿಲ್ಲ. ಹೋಗು."

ಅವನು ಬಸ್‌ ನಿಲ್ದಾಣದ ಕಡೆ ತಿರುಗಿ ಮರೆಯಾಗುವವರೆಗೆ ನೋಡಿದಳು. ಒಮ್ಮೆ ಕೂಗಿಬಿಡಲೇ ಎನಿಸಿತು. ಕೂಗಲಿಲ್ಲ.

ಒಳಗಿನಿಂದ ದುರ್ಗಪ್ಪ ನೀರು ಕೇಳಿದ. ರಂಗವ್ವ ಎದ್ದಳು. ಏಳದೆ ಏನು ಮಾಡುತ್ತಾಳೆ?