ರೊಟ್ಟಿಯೊಳಗಿನ ಏಳು ಎಳೆ

ಬಸವಪ್ರಸಾದನಿಗೆ ಶ್ವೇತಾಳನ್ನು ಕಂಡರೆ ಹೊಟ್ಟೆಕಿಚ್ಚಿಗಿಂತ ಹೆಚ್ಚಾಗಿ ಹೇಸಿಗೆಯಾಗುತ್ತಿತ್ತು. ರೋಣದ ಆ ಖಡಕ್ ರೊಟ್ಟಿ ಕಾರ್ಖಾನೆ ಅವನ ಸೋದರಮಾವ ಮಹಾಲಿಂಗಪ್ಪನದು. ನಾಲ್ಕು ವರ್ಷದಿಂದ ಅಲ್ಲಿ ಮೇಲ್ವಿಚಾರಕನ ಕುರ್ಚಿ ಬಸವಪ್ರಸಾದನದು. ಹೋದ ವರ್ಷವಷ್ಟೇ ಕೆಲಸಕ್ಕೆ ಸೇರಿದ ಈ ಅಬ್ಬಿಗೇರಿಯ ಹುಡುಗಿಯೋ, ರೊಟ್ಟಿ ಬಡಿಯುವ ಹೆಂಗಸರ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅವರ ಡಬ್ಬಿಯಿಂದಲೇ ಪುಂಡಿಪಲ್ಲೆ ಎತ್ತಿ ತಿಂದು ಬೆರಳು ನೆಕ್ಕುವವಳು. ಅಂಥವಳಿಗೆ ನರಗುಂದದಲ್ಲಿ ತೆರೆಯಲಿದ್ದ ಹೊಸ ಕಾರ್ಖಾನೆಯನ್ನು ಪೂರ್ತಿ ವಹಿಸುತ್ತೇನೆಂದು ಮಾವ ಊಟಕ್ಕೆ ಕೂತಾಗ, ಮಜ್ಜಿಗೆ ಸುರಿದುಕೊಳ್ಳುತ್ತ, ಹೇಳಿಬಿಟ್ಟ.

"ನಿನಗ ಹಿಟ್ಟು ಕಂಡ್ರ ಆಗೂದಿಲ್ಲ, ಬೆವರು ಕಂಡ್ರ ಆಗೂದಿಲ್ಲ. ಅಕಿಗೆ ಕೆಲಸ ಗೊತ್ತೈತಿ. ನೀ ಇಲ್ಲೇ ಇರು, ಪ್ರಸಾದ."

ಮಾತೇನೋ ನಿಜವೇ. ಮೊಣಕೈವರೆಗೆ ಮೆತ್ತಿದ ಹಿಟ್ಟು, ಒಲೆಯ ಮುಂದೆ ಒದ್ದೆಯಾದ ಬೆನ್ನುಗಳು, ಬಚ್ಚಲಿನ ಹತ್ತಿರ ಉಗುಳಿದ ಎಲೆಯಡಿಕೆ, ಎಲ್ಲವೂ ಅವನಿಗೆ ಅಸಹ್ಯ. ಮನೆಯಲ್ಲಿ ಅನ್ನದೊಳಗೆ ಒಂದು ಕೂದಲು ಸಿಕ್ಕರೆ ಎರಡು ದಿನ ತಟ್ಟೆ ಮುಟ್ಟುತ್ತಿರಲಿಲ್ಲ. ಉಪಾಯ ಹೊಳೆದದ್ದೂ ಅಲ್ಲಿಂದಲೇ. ತನಗೆ ವಾಂತಿ ಬರಿಸುವಂಥದ್ದು ಮಂದಿಗೂ ಬರಿಸಬೇಕಲ್ಲ?

ಬೆಂದ ರೊಟ್ಟಿಯ ಮೇಲಿನ ಒಣಹಿಟ್ಟನ್ನು ಬ್ರಶ್ಶಿನಿಂದ ಜಾಡಿಸಿ ಪ್ಯಾಕೆಟ್ಟಿಗೆ ಹಾಕುವುದು ಅಲ್ಲಿನ ರೂಢಿ. ಮೊದಲು ಬಸವಪ್ರಸಾದನೇ ಮಶೀನಿನಲ್ಲಿ ಮಾಡಿದ ಬ್ರಶ್ ತರಿಸುತ್ತಿದ್ದ. ಅದರಿಂದ ಒಮ್ಮೆ ಎಳೆ ಹಿಡಿದಿಡುವ ಸಣ್ಣ ತಗಡಿನ ಪಿನ್ನೊಂದು ಉದುರಿ ರೊಟ್ಟಿಯ ಮೇಲೆ ಬಿದ್ದದ್ದೇ ನೆಪವಾಗಿ, ಶ್ವೇತಾ ಗಜೇಂದ್ರಗಡದ ಖಾಜಾಬಿ ಎಂಬ ಮುದುಕಿಯನ್ನು ಹುಡುಕಿ ತಂದಳು. ಖಾಜಾಬಿಯ ಬ್ರಶ್ಶಿಗೆ ಪಿನ್ನಿಲ್ಲ, ಅಂಟಿಲ್ಲ. ಕಟ್ಟಿಗೆಯ ತೂತುಗಳಲ್ಲಿ ಬಿಳಿ ನೈಲಾನ್ ಎಳೆಗಳನ್ನು ಕೈಯಿಂದಲೇ ತಂತಿ ಹಾಕಿ ಬಿಗಿಯುತ್ತಾಳೆ. ಮಾವನ ಮಾತಿಗೆ ಬಸವಪ್ರಸಾದ ಒಮ್ಮೆ ಅವಳ ಮನೆಗೂ ಹೋಗಿದ್ದ. ಬಾಯಿತುಂಬ ಎಲೆಯಡಿಕೆ, ಕೆಂಪಗಾದ ಬೆರಳು, ಅದೇ ಬೆರಳಲ್ಲಿ ಎಳೆಗಳ ಕಟ್ಟು. ಥೂ ಎಂದುಕೊಂಡು ಹೊಸ್ತಿಲಿನಿಂದಲೇ ತಿರುಗಿ ಬಂದಿದ್ದ.

ಗುರುವಾರ ಹುಬ್ಬಳ್ಳಿಯಿಂದ ಫಕೀರೇಶ ಎಂಬ ದೊಡ್ಡ ವ್ಯಾಪಾರಿ ರುಚಿ ನೋಡಲು ಬರುವವನಿದ್ದ. ಅವನು ಒಪ್ಪಿದರೆ ನರಗುಂದದ ಕಾರ್ಖಾನೆಯ ಅಷ್ಟೂ ರೊಟ್ಟಿ ಅವನ ಅಂಗಡಿಗಳಿಗೆ. ಅವನ ಬಾಯಿಗೆ ಬ್ರಶ್ಶಿನ ಎಳೆ ಸಿಕ್ಕರೆ, ಆ ಬ್ರಶ್ ಆರಿಸಿದವಳದೇ ತಪ್ಪು. ಶ್ವೇತಾ ಅಬ್ಬಿಗೇರಿಗೆ ವಾಪಸ್, ನರಗುಂದ ತನಗೆ.

ಬಸವಪ್ರಸಾದ ಎಲ್ಲವನ್ನೂ ಯೋಚಿಸಿದ. ಹಿಟ್ಟಿನಲ್ಲಿ ಕಲಸಿದರೆ ನೈಲಾನ್ ಹಂಚಿನ ಮೇಲೆ ಕರಗಿಹೋಗುತ್ತದೆ. ಹಾಗಾಗಿ ಬೆಂದ ರೊಟ್ಟಿಗಳ ನಡುವೆಯೇ ಇಡಬೇಕು. ಒಂದೇ ಎಳೆಯಾದರೆ ಅಕಸ್ಮಾತ್ ಎನ್ನುತ್ತಾರೆ, ಹಿಡಿಗಟ್ಟಲೆಯಾದರೆ ಕಿಡಿಗೇಡಿತನ ಎನ್ನುತ್ತಾರೆ. ಏಳು ಸಾಕು.

ಬುಧವಾರ ಮಧ್ಯಾಹ್ನ ಹೆಂಗಸರು ಊಟಕ್ಕೆ ಹೋದಾಗ ತನ್ನ ಕೋಣೆಯ ಚಿಲಕ ಹಾಕಿದ. ಕಪಾಟಿನಿಂದ ಹೊಸ ಬ್ರಶ್ಶೊಂದನ್ನು ತೆಗೆದು, ಕರವಸ್ತ್ರ ಸುತ್ತಿದ ಬೆರಳಿನಿಂದ ಎಳೆ ಹಿಡಿದು ಜಗ್ಗಿದ. ಬರಲಿಲ್ಲ. ಇನ್ನೊಂದನ್ನು ಜಗ್ಗಿದ. ಬೆರಳು ಕೆಂಪಾಯಿತೇ ಹೊರತು ಒಂದೂ ಕಿತ್ತು ಬರಲಿಲ್ಲ. ಮುದುಕಿಯ ಕೆಂಪು ಬೆರಳು ನೆನಪಾಯಿತು. ಹೆಚ್ಚು ಹೊತ್ತು ಅದನ್ನು ಹಿಡಿದು ಕೂರುವುದು ಅವನಿಂದ ಸಾಧ್ಯವೇ ಇರಲಿಲ್ಲ. ಕಿಸೆಯಲ್ಲಿದ್ದ ಉಗುರಿನ ಕತ್ತರಿ ತೆಗೆದು, ಕಟ್ಟಿಗೆಗೆ ತಾಗುವಷ್ಟು ಒಳಗೆ ತೂರಿಸಿ, ಇಲ್ಲೊಂದು ಅಲ್ಲೊಂದು ಕತ್ತರಿಸಿದ. ದಟ್ಟವಾದ ಬ್ರಶ್ಶಿನಲ್ಲಿ ಏಳು ಎಳೆಯ ಕೊರತೆ ಕಾಣುವಂತಿರಲಿಲ್ಲ. ಕತ್ತರಿಸಿದ ಎಳೆಗಳನ್ನು ಬ್ರಶ್ಶಿನ ಪಕ್ಕ ಹಿಡಿದು ಅಳತೆಯನ್ನೂ ನೋಡಿದ. ಸರಿಸಮ. ತನ್ನ ಜಾಣತನಕ್ಕೆ ತಾನೇ ತಲೆದೂಗಿ, ಎರಡು ಸಲ ಸೋಪು ಹಚ್ಚಿ ಕೈ ತೊಳೆದುಕೊಂಡ.

ಗುರುವಾರ ಮುಂಜಾನೆ ಅತಿಥಿಯ ಪ್ಯಾಕೆಟ್ಟಿನ ರೊಟ್ಟಿಗಳನ್ನು ಅದೇ ಬ್ರಶ್ಶಿನಿಂದ ತಾನೇ ಜಾಡಿಸಿ, ಎಳೆಗಳನ್ನು ನಡುವೆ ಇಟ್ಟು, ತಾನೇ ಕಟ್ಟಿದ. "ಅಂತೂ ಕೈಗೆ ಹಿಟ್ಟು ಹಚ್ಚಿಕೊಂಡಿಪಾ," ಎಂದು ಮಾವ ಬೆನ್ನು ತಟ್ಟಿದ.

ಫಕೀರೇಶ ರೊಟ್ಟಿ ಮುರಿದು ಶೇಂಗಾ ಚಟ್ನಿ, ಮೊಸರು ಹಚ್ಚಿ ಬಾಯಿಗಿಟ್ಟ. ಎರಡನೇ ತುತ್ತಿಗೆ ಅಗಿಯುವುದನ್ನು ನಿಲ್ಲಿಸಿದ. ತುಟಿಯ ಸಂದಿಯಿಂದ ಒದ್ದೆಯಾದ ಬಿಳಿ ಎಳೆಯೊಂದನ್ನು ಮೆಲ್ಲಗೆ ಹೊರಗೆಳೆದು ನೋಡಿ, ಬಚ್ಚಲಿಗೆ ಓಡಿದ. ಅವನು ಓಕರಿಸುವ ಸದ್ದು ಕೇಳಿ ಬಸವಪ್ರಸಾದನಿಗೂ ನಿಜವಾಗಿಯೇ ಓಕರಿಕೆ ಬಂತು. ನಟಿಸುವ ಕಷ್ಟವೇ ತಪ್ಪಿತು.

ಫಕೀರೇಶನ ಕಾರು ಹೊರಟಮೇಲೆ ಮಹಾಲಿಂಗಪ್ಪ ಶ್ವೇತಾಳ ಮೇಲೆ ಹರಿಹಾಯ್ದ. "ನಿನ್ನ ಬ್ರಶ್ ನನ್ನ ಮಾನ ಕಳೀತು! ನರಗುಂದದ ಮಾತು ಇನ್ನ ಎತ್ತಬ್ಯಾಡ."

"ಅಕಿ ಬ್ರಶ್ ಉದುರೂದಿಲ್ರಿ ಸರ್. ವರ್ಷದಿಂದ ಒಂದೂ ಉದುರಿಲ್ಲ," ಎಂದಳು ಶ್ವೇತಾ.

ಬಸವಪ್ರಸಾದ ಅಲ್ಲಿಗೇ ಬಿಡಬಹುದಿತ್ತು. ಆದರೆ ಶ್ವೇತಾ, ಆ ಮುದುಕಿ ಇಬ್ಬರೂ ಒಟ್ಟಿಗೆ ತಲೆ ತಗ್ಗಿಸಿ ನಿಲ್ಲುವುದನ್ನು ಕಣ್ಣಾರೆ ನೋಡುವ ಆಸೆ. ತಾನೇ ಗಜೇಂದ್ರಗಡಕ್ಕೆ ಫೋನು ಮಾಡಿ ಖಾಜಾಬಿಯನ್ನು ಕರೆಸಿದ. ಮಧ್ಯಾಹ್ನದ ಬಸ್ಸಿಗೆ ಬಂದ ಅವಳ ಮುಂದೆ, ಬಿಳಿ ಕಾಗದದ ಮೇಲೆ, ಫಕೀರೇಶನ ಬಾಯಿಂದ ಬಂದ ಒಂದು, ಪ್ಯಾಕೆಟ್ಟಿನಿಂದ ಹೆಕ್ಕಿದ ಆರು, ಹೀಗೆ ಏಳು ಎಳೆ ಹರಡಿ, ಪಕ್ಕದಲ್ಲಿ ಬ್ರಶ್ಶನ್ನೂ ಇಟ್ಟ. ಹೆಂಗಸರು ಬ್ರಶ್ಶನ್ನು ಒರಟಾಗಿ ಬಳಸಿರಬಹುದೆಂಬ ಸಬೂಬಿಗೂ ಜಾಗ ಉಳಿಯಬಾರದೆಂದು ಮುಂಚೆಯೇ ಹೇಳಿಬಿಟ್ಟ:

"ಇದು ಹೊಸಾ ಬ್ರಶ್. ಬಂದಾಗಿಂದ ನನ್ನ ಕಪಾಟಿನ್ಯಾಗ ಇತ್ತು, ಕೀಲಿ ನನ್ನ ಕಡೆನ. ಪ್ಯಾಕೆಟ್ಟೂ ನಾನ ಕಟ್ಟೀನಿ. ಬ್ಯಾರೆ ಒಬ್ರೂ ಮುಟ್ಟಿಲ್ಲ."

ಖಾಜಾಬಿ ಕನ್ನಡಕ ಏರಿಸಿ ಎಳೆಗಳನ್ನು ಒಂದೊಂದಾಗಿ ಹೊರಳಿಸಿ ನೋಡಿದಳು. "ಇವು ಉದುರಿದ ಎಳಿ ಅಲ್ಲರಿ ಸಾವ್ಕಾರ್ರ," ಎಂದಳು. ಬ್ರಶ್ಶನ್ನು ಬೋರಲು ಹಾಕಿ, ದಬ್ಬಣದಿಂದ ತಂತಿಯ ತುದಿ ಬಿಡಿಸಿ, ಒಂದು ತೂತಿನ ಎಳೆಗಳನ್ನು ಹೊರಗೆಳೆದು ಕಾಗದದ ಮೇಲಿಟ್ಟಳು. ಪ್ರತಿಯೊಂದೂ ನಡುವೆ ಮಡಚಿಕೊಂಡಿತ್ತು, ಹೆಂಗಸರ ತಲೆಪಿನ್ನಿನ ಹಾಗೆ. ಬಿಡಿಸಿದರೆ ಆ ಏಳಕ್ಕಿಂತ ಎರಡರಷ್ಟು ಉದ್ದ. "ಎಳಿ ನಡಕ್ಕ ಮಡಚಿ, ಆ ಮಡಿಕಿಗೆ ತಂತಿ ಹಾಕಿ ತೂತಿನ್ಯಾಗ ಜಗ್ಗತೀನ್ರಿ. ಮಶೀನಿನ್ಯಾಗೂ ಮಡಚೇ ಪಿನ್ನು ಹೊಡೀತಾರ. ಉದುರಿದ್ರ ಹಿಂಗ ಮಡಚಿದ್ದು ಮಡಚಿದಂಗ ಪೂರಾ ಉದುರಬೇಕು. ಇವು ಅರ್ಧರ್ಧ ಅದಾವ, ಮಡಿಕಿನ ಇಲ್ಲ. ಯಾರೋ ಕತ್ತರಿ ಹಾಕ್ಯಾರ." ಮಹಾಲಿಂಗಪ್ಪ ಕಾಗದವನ್ನು ನೋಡಿದ, ಬ್ರಶ್ಶನ್ನು ನೋಡಿದ, ಆಮೇಲೆ ಅಳಿಯನ ಮುಖವನ್ನು ನೋಡಿದ. "ಬ್ಯಾರೆ ಒಬ್ರೂ ಮುಟ್ಟಿಲ್ಲ ಅಂದಿ ಅಲ್ಲೋ, ಪ್ರಸಾದ?"