ಎಂಟನೇ ಮನೆಯ ಕೆಂಪು ಚುಕ್ಕಿ

“ಇದನ್ನ ನಾನು ನಿಮಗೆ ಮಾರಲ್ಲ ಕಣ್ರೀ!”

ಧನಲಕ್ಷ್ಮಿಗೆ ಮೊದಲು ಅರ್ಥವೇ ಆಗಲಿಲ್ಲ. ಮಧುಗಿರಿಯಲ್ಲಿ ಬೆಳಗಿನ ಬಸ್ಸು ಹತ್ತಿ, ಕಿಟಕಿಯ ಬಿಸಿಲನ್ನೆಲ್ಲ ಮುಖಕ್ಕೆ ಹೊಡೆಸಿಕೊಂಡು ಪಾವಗಡಕ್ಕೆ ಬಂದಿದ್ದಳು. ಬೇಸ್ ಗಿಟಾರ್ ಮಾರಾಟಕ್ಕಿದೆ ಎಂದು ಮೊಬೈಲಿನಲ್ಲಿ ಜಾಹೀರಾತು ಹಾಕಿದವನೇ ಈಗ ಸೌಂಡ್ ಬಾಕ್ಸುಗಳ ರಾಶಿಯ ನಡುವೆ ನಿಂತು ಮಾರಲ್ಲ ಎನ್ನುತ್ತಿದ್ದಾನೆ!

“ಯಾಕ್ರೀ? ನಾನೇನ್ ಕೇಳಬಾರದ್ದು ಕೇಳ್ದೆ?”

“ಕಪ್ಪು ಬಣ್ಣದ್ದು ಇಲ್ವಾ ಅಂದ್ರಲ್ಲ. ಬಣ್ಣ ನೋಡಿ ತಗಳೋರಿಗೆ ಬಸ್ ಸ್ಟ್ಯಾಂಡ್ ಎದುರ್ಗೆ ಸೀರೆ ಅಂಗ್ಡಿ ಐತೆ.”

ಅಬ್ಬಾ, ಸೊಕ್ಕೇ! ಅವನ ಹೆಸರು ಪಾಲಾಕ್ಷ. ಮದುವೆ, ಶಾಲಾ ವಾರ್ಷಿಕೋತ್ಸವಗಳಿಗೆ ಸೌಂಡ್ ಸೆಟ್ ಬಾಡಿಗೆಗೆ ಕೊಡುವವನು. ಇವಳಿಗಿಂತ ಮೊದಲು ಬಂದ ಇಬ್ಬರನ್ನೂ ಹೀಗೇ ಬೈದು ಕಳಿಸಿದ್ದ ಎಂಬುದು ಪಾಪ ಇವಳಿಗೆ ಗೊತ್ತಿರಲಿಲ್ಲ.

ಬೇರೆ ದಿನವಾಗಿದ್ದರೆ ಇವಳೂ ನಾಲ್ಕು ಮಾತು ಆಡಿ ಎದ್ದು ಬರುತ್ತಿದ್ದಳು. ಆದರೆ ಇಂದು ಹಾಗೆ ಮಾಡುವಂತಿರಲಿಲ್ಲ. ಮಧುಗಿರಿಯ ಹಾಲಿನ ಡೈರಿಯಲ್ಲಿ ದಿನವಿಡೀ ಹಾಲಿನ ಜಿಡ್ಡು ಅಳೆಯುವ ಈ ಹುಡುಗಿಗೆ ಭಾನುವಾರ ಎಂದರೆ ರೇಣುಕಪ್ರಸಾದ್ ಮೇಷ್ಟ್ರ ಬ್ಯಾಂಡು. ಐದು ಜನರ ಹವ್ಯಾಸಿ ಬ್ಯಾಂಡು ಅದು. ಬೇಸ್ ನುಡಿಸುತ್ತಿದ್ದವನಿಗೆ ವರ್ಗವಾಗಿ, ಮೇಷ್ಟ್ರು ಆ ಜಾಗವನ್ನು ಇವಳ ಕೊರಳಿಗೆ ಕಟ್ಟಿದ್ದರು. ಸಾಮಾನ್ಯ ಗಿಟಾರ್ ಅಷ್ಟಿಷ್ಟು ಬರುತ್ತಿತ್ತು, ಬೇಸ್ ಮುಟ್ಟಿಯೂ ಗೊತ್ತಿರಲಿಲ್ಲ. ‘ಆರು ತಂತಿದು ಬುಟ್ಟು ನಾಕು ತಂತಿದು ತಗಂಬತ್ತೀನಿ ಅಂತಾಳಲ್ಲಪ್ಪ’ ಎಂದು ಅವಳಮ್ಮ ಬೆಳಗ್ಗೆಯೂ ನಕ್ಕಿದ್ದಳು.

“ಸರಿ, ಬಣ್ಣ ಬುಡಿ. ಏನ್ ನೋಡ್ಬೇಕು ಅಂತ ನೀವೇ ಹೇಳಿ. ಕಲೀತೀನಿ.”

ಅವನು ಸ್ವಲ್ಪ ತಣ್ಣಗಾದ. ಗಿಟಾರಿನ ಕತ್ತನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದ.

“ಇಲ್ಲಿಂದ ಉದ್ದಕ್ಕೆ ನೋಡಿ. ಸೊಟ್ಟ ಇದ್ರೆ ಕಾಣುತ್ತೆ. ಹಳೇ ಕತ್ತು ನಮ್ಮೂರ್ ಬಿಸ್ಲಿಗೆ ಬಗ್ಗೋಗಿತ್ತು, ಇದು ಬೇರೆ ಹಾಕ್ಸಿದ್ದು. ಆಮೇಲೆ ಒಂದೊಂದೇ ಮನೆ ಒತ್ತಿ ನುಡಿಸ್ಬೇಕು, ಎಲ್ಲಾದ್ರೂ ಗರಗರ ಅಂತದಾ ಅಂತ. ಕರೆಂಟಿಗೆ ಹಾಕ್ದೇನೇ ಹೊಟ್ಟೆಗೆ ಒತ್ಕೊಂಡು ಕೇಳ್ಬೇಕು. ಮರ ನಡುಗಿದ್ರೆ ಒಳ್ಳೇ ಮಾಲು.”

ತಂತಿಗಳ ಕೆಳಗೆ ಅಡ್ಡಡ್ಡ ಕೂರಿಸಿದ ಲೋಹದ ಕಂಬಿಗಳ ನಡುವಿನ ಜಾಗಕ್ಕೆ ಮನೆ ಎನ್ನುತ್ತಾರೆ. ಆ ಕತ್ತಿನ ಅಂಚಿನಲ್ಲಿ ಕಂಪನಿಯ ಗುರುತುಗಳಿರಲಿಲ್ಲ. ಬದಲಿಗೆ ಯಾರೋ ಕೆಂಪು ಉಗುರುಬಣ್ಣದಲ್ಲಿ ಚುಕ್ಕಿ ಇಟ್ಟಿದ್ದರು. ಮೂರನೇ ಮನೆಗೆ, ಐದಕ್ಕೆ, ಏಳಕ್ಕೆ, ಎಂಟಕ್ಕೆ...

“ಎಂಟಲ್ಲ, ಒಂಬತ್ತಕ್ಕೆ ಇರ್ಬೇಕು ಅಲ್ವಾ?”

“ಹೂಂ. ತಪ್ಪಾಗೈತೆ. ಗಾಡೀಲಿ ಹೋಗ್ತಾ ಹೋಗ್ತಾ ಇಟ್ಟಿದ್ದು.”

“ಯಾರು ನುಡಿಸ್ತಿದ್ರು ಇದನ್ನ?”

ಪಾಲಾಕ್ಷ ಗಿಟಾರನ್ನು ಅವಳ ಕಡೆ ಚಾಚಿದ. “ಹೆಗಲಿಗೆ ಹಾಕ್ಕೊಂಡ್ ನೋಡಿ. ಒಂದ್ ಹಾಡಿನಷ್ಟು ಹೊತ್ತು ನಿಲ್ಲಿ. ಭಾರ ತಡೀತೀರಾ ಅಂತ ಗೊತ್ತಾಗ್ಬೇಕಲ್ಲ” ಎಂದ.

ಅವಳು ಹಾಕಿಕೊಂಡಳು. ಅವನು ಎರಡು ಹೆಜ್ಜೆ ಹಿಂದೆ ಸರಿದ!

“ಹೆಗಲ ಪಟ್ಟಿ... ಉದ್ದ ಗಿಡ್ಡ ಮಾಡ್ಕೊಳಿ.”

“ಬೇಡ. ಸರಿಯಾಗೇ ಐತೆ.”

ಅವನು ಥಟ್ಟನೆ ಬಾಗಿಲ ಕಡೆ ತಿರುಗಿದ.

“ತಗಂಡೋಗಿ. ಆದ್ರೆ ಒಂದ್ ಮಾತು. ಮುಂದೆ ಮಾರೋ ಹಂಗಿದ್ರೆ ಮೊದ್ಲು ನಂಗೆ ಹೇಳ್ಬೇಕು.”

* * *

ಮಾರುವುದಿರಲಿ, ಅವಳಿಗೆ ಅದನ್ನು ಕೆಳಗಿಡುವುದೇ ಕಷ್ಟವಾಯಿತು.

ಮೇಷ್ಟ್ರ ಬ್ಯಾಂಡಿಗೆ ಪಾಲಾಕ್ಷನ ಸೌಂಡ್ ಸೆಟ್ಟೇ ಖಾಯಂ ಆಯಿತು. ಅದು ಹೇಗೆ ಆಯಿತೆಂದು ಮೇಷ್ಟ್ರಿಗೆ ಕೊನೆಗೂ ತಿಳಿಯಲಿಲ್ಲ, ಪಾಪ! ಅವಳು ವೇದಿಕೆಯ ಮೂಲೆಯಲ್ಲಿ, ಅವನು ಎದುರಿಗೆ, ಧ್ವನಿ ಹೊಂದಿಸುವ ಮಿಕ್ಸರಿನ ಹಿಂದೆ. ಜನ ಹಾಡುವವರನ್ನು ನೋಡುತ್ತಿದ್ದರು. ಅವನೊಬ್ಬ ಮಾತ್ರ ಕಣ್ಣು ಮುಚ್ಚಿಕೊಂಡು ಅವಳ ನಾಲ್ಕು ತಂತಿ ಕೇಳುತ್ತಿದ್ದ.

ಕಾರ್ಯಕ್ರಮ ಮುಗಿದ ಮೇಲೆ ಅವಳು ಕೇಳದಿದ್ದರೂ ಬಂದು, ಮೆತ್ತನೆಯ ಬಟ್ಟೆಯಲ್ಲಿ ಗಿಟಾರಿನ ಕತ್ತು ಒರೆಸಿಕೊಡುತ್ತಿದ್ದ. ಚುಕ್ಕಿಗಳ ಹತ್ತಿರ ಇನ್ನೂ ನಿಧಾನವಾಗಿ.

‘ಇಷ್ಟು ಹಳೇದಾಯ್ತು ಅಂತ ಬೇಜಾರೇನೋ ಇವನಿಗೆ’ ಎಂದುಕೊಂಡಳು ಧನಲಕ್ಷ್ಮಿ. ಕೇಳಬಹುದಿತ್ತು. ಕೇಳಲಿಲ್ಲ.

ಆ ತಪ್ಪು ಚುಕ್ಕಿಯಿಂದ ಅವಳಿಗೊಂದು ಅಭ್ಯಾಸ ಅಂಟಿತ್ತು. ಒಂಬತ್ತನೇ ಮನೆಗೆ ಹೋಗಬೇಕಾದ ಬೆರಳು ಕೆಂಪು ಕಂಡ ಎಂಟಕ್ಕೆ ಬೀಳುತ್ತಿತ್ತು, ಅಲ್ಲಿಂದ ಥಟ್ಟನೆ ಮುಂದಕ್ಕೆ ಜಾರುತ್ತಿತ್ತು. ಸ್ವರ ಒಂದು ಕ್ಷಣ ತಡೆದು, ಜಾರಿ, ಸರಿಹೋಗುತ್ತಿತ್ತು.

“ಈ ಜಾರಾಟ ಬುಡಕ್ಕೇ ಆಯ್ತಿಲ್ಲ ನೋಡು” ಎಂದು ಒಮ್ಮೆ ಗೊಣಗಿದಳು.

“ಬುಡಬೇಡ. ಹಂಗೇ ಇರ್ಲಿ” ಎಂದಿದ್ದ ಪಾಲಾಕ್ಷ. ಅವನ ಕಣ್ಣು ಒದ್ದೆಯಾಗಿದ್ದು ಆ ದಿನದ ದೂಳಿಗೆ ಎಂದೇ ಅವಳು ಭಾವಿಸಿದಳು.

ಒಂದು ದಿನ ಸಿದ್ದರಬೆಟ್ಟದ ಮೆಟ್ಟಿಲಿನ ಮೇಲೆ, ಇಬ್ಬರೂ ಏದುಸಿರು ಬಿಡುತ್ತಾ ಕೂತಿದ್ದಾಗ, ಅವನು ನೀರಿನ ಬಾಟಲಿ ಕೈಗೆ ಕೊಡುತ್ತಾ ಹೇಳಿಯೇಬಿಟ್ಟ. “ಮುಂದಿನ್ ತಿಂಗ್ಳು ಮೊದಲ್ನೇ ಭಾನುವಾರ ಅಮ್ಮನ್ನ ಕರ್ಕೊಂಡು ನಿಮ್ಮನೆಗ್ ಬರ್ತೀನಿ ಧನು. ಬರ್ಲಾ?”

“ಬೇಡ ಅಂದ್ರೆ ಬರಲ್ವಾ?”

“ಬರ್ತೀನಿ!”

ಆ ದಿನ ಅವಳು ಉಳಿದ ಮೆಟ್ಟಿಲನ್ನೆಲ್ಲ ನಗುತ್ತಲೇ ಹತ್ತಿದಳು. ಪಾಪದ ಹುಡುಗಿ... ಅಷ್ಟು ಜೋರಾಗಿ ಅವಳು ಮತ್ತೆ ನಕ್ಕಿದ್ದು ಎಷ್ಟೋ ತಿಂಗಳ ಮೇಲೆ.

* * *

ಮರುವಾರ ಕೊರಟಗೆರೆಯ ಒಂದು ಆರತಕ್ಷತೆಯಲ್ಲಿ ಮೇಷ್ಟ್ರು ಎಲ್ಲರೆದುರೇ ರೇಗಿದರು. “ಏನಮ್ಮ ಅದು, ಒಂದೇ ಸ್ವರಕ್ಕೆ ಎಲ್ಲಾ ಸಲ ಕಾಲ್ ಜಾರ್ದಂಗೆ? ಆ ಚುಕ್ಕಿ ಕೆರೆಸಿ ಸರಿಯಾದ ಕಡೆ ಇಡ್ಸು!”

ಅವಳಿಗೆ ಅವಮಾನವಾಯಿತು. ಜೊತೆಗೆ ಒಂದು ಸಿಹಿ ಯೋಚನೆಯೂ ಬಂತು. ಗಿಟಾರನ್ನು ಹೊಸದರಂತೆ ಮಾಡಿಸಿ ಪಾಲಾಕ್ಷನ ಮುಂದೆ ಹಿಡಿದರೆ? ಅಷ್ಟೊಂದು ಪ್ರೀತಿಯಿಂದ ಒರೆಸುತ್ತಾನಲ್ಲ... ಖುಷಿಪಡುವುದಿಲ್ಲವೇ?

ಬೆಂಗಳೂರಿನ ಒಬ್ಬ ರಿಪೇರಿಯವನ ಹತ್ತಿರ ಕತ್ತನ್ನು ಉಜ್ಜಿಸಿ, ಪಾಲಿಶ್ ಹೊಡೆಸಿ, ಬಿಳಿಯ ಗುರುತುಗಳನ್ನು ಅಳತೆಗೆ ತಕ್ಕಂತೆ ಹಾಕಿಸಿದಳು. ಒಂಬತ್ತನೆಯದು ಒಂಬತ್ತರಲ್ಲೇ.

ಅವನು ಮನೆಗೆ ಬರಬೇಕಿದ್ದ ಭಾನುವಾರಕ್ಕೆ ಮೂರು ದಿನವಿತ್ತು. ಸಿರಾದ ಒಂದು ಶಾಲೆಯ ವಾರ್ಷಿಕೋತ್ಸವ. ಪಾಲಾಕ್ಷ ವೈರು ಎಳೆಯುತ್ತಿದ್ದ. ಅವಳು ಚೀಲದ ಜಿಪ್ಪು ಎಳೆದು, “ಇಲ್ನೋಡು ಈಗ!” ಎಂದಳು.

ಅವನು ನೋಡಿದ. ಕತ್ತಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಮೂರು, ಐದು, ಏಳು... ಎಂಟರ ಮೇಲೆ ಬೆರಳು ನಿಂತಿತು.

“ಇಲ್ಲಿದ್ದ ಚುಕ್ಕಿ?”

“ಕೆರೆಸ್ಬುಟ್ಟೆ! ಹೆಂಗೈತೆ?”

“ಯಾರನ್ನ ಕೇಳಿ ಕೆರೆಸ್ದೆ?”

ಆ ದನಿ ಅವಳು ಎಂದೂ ಕೇಳಿರದ ದನಿ.

“ಯಾರನ್ ಕೇಳ್ಬೇಕು? ನನ್ ಗಿಟಾರ್ ಅಲ್ವಾ ಪಾಲಾಕ್ಷ?”

“ಹೌದು. ನಿಂದೇ.” ಅವನು ಗಿಟಾರನ್ನು ಮೆಲ್ಲಗೆ ಅವಳ ಕೈಗೆ ವಾಪಸ್ಸಿಟ್ಟ. “ಸ್ಪಂದನಾ ಇಟ್ಟಿದ್ದು ಅದು...”

“ಯಾವ ಸ್ಪಂದನಾ?”

ಅವನು ಮಿಕ್ಸರನ್ನು ಜೊತೆಯ ಹುಡುಗನಿಗೆ ಒಪ್ಪಿಸಿದ. ಅವಳತ್ತ ತಲೆಯನ್ನೂ ಎತ್ತದೆ, ಅವಳು ವೇದಿಕೆ ಹತ್ತುವ ಮೊದಲೇ ಹೊರಟುಹೋದ.

ಭಾನುವಾರ ಧನಲಕ್ಷ್ಮಿಯ ಮನೆಯಲ್ಲಿ ಹೋಳಿಗೆಯ ಹೂರಣ ರುಬ್ಬಿದ್ದರು. ಹನ್ನೊಂದಾಯಿತು... ಒಂದಾಯಿತು... ನಾಲ್ಕಾಯಿತು. ಅಮ್ಮ ಬಾಗಿಲ ಹತ್ತಿರ ಹೋಗಿ ಬರುವುದನ್ನು ತಾನಾಗಿಯೇ ನಿಲ್ಲಿಸಿದಳು. ಆಮೇಲೆ ಮೊಬೈಲಿಗೊಂದು ಮೆಸೇಜು ಬಂತು.

‘ತಪ್ಪು ನಿಂದಲ್ಲ. ನನ್ನಿಂದ ಆಗ್ತಿಲ್ಲ. ಕ್ಷಮಿಸು.’

ಆಮೇಲೆ ಫೋನೂ ಎತ್ತಲಿಲ್ಲ.

ಅವಳಿಗೆ ಎಲ್ಲ ಅರ್ಥವಾಗಿಹೋಯಿತು. ಅರ್ಥವಾಯಿತು ಎಂದುಕೊಂಡಳು! ಮೊದಲ ದಿನ ಗಿಟಾರ್ ಹೆಗಲಿಗೇರಿದಾಗ ಅವನು ಹಿಂದೆ ಸರಿದದ್ದು, ಪಟ್ಟಿಯ ಅಳತೆ ತನಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದ್ದು, ಕಣ್ಣು ಮುಚ್ಚಿ ಕೇಳುತ್ತಿದ್ದದ್ದು...

‘ನನ್ನಷ್ಟೇ ಎತ್ತರದೋಳು. ಅವಳನ್ನ ಪ್ರೀತಿಸ್ತಿದ್ದ. ಕಣ್ಣು ಮುಚ್ಚಿಕೊಂಡು ಅವಳನ್ನೇ ಕೇಳ್ತಿದ್ದ. ನಾನ್ಯಾರು ಹಂಗಾದ್ರೆ? ಗಿಟಾರ್ ನೇತುಹಾಕೋ ಮೊಳೆನಾ?’

ಡೈರಿಯಲ್ಲಿ ಹಾಲು ಅಳೆಯುತ್ತಾ ಅತ್ತಳು. ಬಸ್ಸಿನಲ್ಲಿ ಅತ್ತಳು. ಅಮ್ಮನ ಮುಂದೆ ಮಾತ್ರ ಅಳಲಿಲ್ಲ.

* * *

ನಾಲ್ಕು ತಿಂಗಳು ಕಳೆದವು. ಮೇಷ್ಟ್ರು ಬೇರೆ ಸೌಂಡ್ ಸೆಟ್ ಹಿಡಿದರು. ಚುಕ್ಕಿ ಸರಿಯಾದರೂ ಅವಳ ಬೆರಳು ಸರಿಯಾಗಲಿಲ್ಲ. ಎಂಟಕ್ಕೇ ಬೀಳುವುದು, ಒಂಬತ್ತಕ್ಕೆ ಜಾರುವುದು. ಮೇಷ್ಟ್ರೇ ಸೋತು “ಇರ್ಲಿ ಬುಡಮ್ಮ, ಕೇಳ್ತಾ ಕೇಳ್ತಾ ಚೆನ್ನಾಗೇ ಐತೆ” ಎಂದರು.

ಆ ದಿನ ಅವಳು ನಿರ್ಧಾರ ಮಾಡಿದಳು. ಬೇರೊಬ್ಬಳ ಗಿಟಾರು ಇನ್ನು ಸಾಕು. ಮಾರುವುದಾದರೆ ಮೊದಲು ಹೇಳಬೇಕು ಎಂದಿದ್ದನಲ್ಲ, ಮಾರುವುದೂ ಬೇಡ. ಎದುರಿಗಿಟ್ಟು ಬಂದುಬಿಡುತ್ತೇನೆ.

ಪಾವಗಡದ ಆ ಮನೆಯ ಅಂಗಳದಲ್ಲಿ ಕಡ್ಲೆಕಾಯಿ ಒಣಗುತ್ತಿತ್ತು. ಪಕ್ಕದ ಸೌಂಡ್ ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಪಾಲಾಕ್ಷ ಇರಲಿಲ್ಲ.

“ಎವರಮ್ಮಾ?” ಎಂದು ತೆಲುಗಿನಲ್ಲಿ ಯಾರೆಂದು ಕೇಳುತ್ತಾ ಹೊರಬಂದ ಅವನ ತಾಯಿ ಕದರಮ್ಮ, ಹುಡುಗಿಯ ಹೆಗಲಿನ ಚೀಲ ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. “ನೀನು... ಧನಲಕ್ಷ್ಮಿ ಅಲ್ವೇನಮ್ಮ?”

“ಹೌದಮ್ಮ. ಇದನ್ನ ಕೊಟ್ಟು ಹೋಗೋಣ ಅಂತ ಬಂದೆ. ಸ್ಪಂದನಾ ಅವ್ರಿಗೆ ತಲುಪಿಸ್ಬಿಡಿ. ಅವ್ರ ಚುಕ್ಕಿ ಅಳಿಸಿದ್ದಕ್ಕೆ ಕ್ಷಮಿಸ್ಬೇಕಂತೆ ಅಂತ ಹೇಳಿ. ಅವ್ರಿಬ್ರೂ ಚೆನ್ನಾಗಿರ್ಲಿ...”

ಕದರಮ್ಮ ಅವಳ ಮುಖವನ್ನೇ ನೋಡಿದರು.

“ಅಯ್ಯೋ ತಲ್ಲೀ... ಅವ್ನು ನಿಂಗೆ ಏನೂ ಹೇಳ್ಳಿಲ್ವಾ? ಸ್ಪಂದನಾ ನಾ ಬಿಡ್ಡ ಕಣಮ್ಮ. ನನ್ ಮಗ್ಳು. ಇವ್ನ್ ತಂಗಿ.”

ಧನಲಕ್ಷ್ಮಿಯ ಹೆಗಲಿನಿಂದ ಚೀಲ ಜಾರಿತು.

“ಮೂರು ವರ್ಷ ಆಯ್ತು. ಡೆಂಗಿ ಜ್ವರ. ನಾಕೇ ದಿನ. ಅಣ್ಣನ್ ಗಾಡೀಲಿ ಪ್ರೋಗ್ರಾಮಿಗೆ ಹೋಗ್ತಾ ಹೋಗ್ತಾ ಉಗುರಿನ್ ಬಣ್ಣದಾಗೆ ಚುಕ್ಕಿ ಇಟ್ಕೊಂಡಿದ್ಲು. ಗುಂಡಿ ಮ್ಯಾಲೆ ಗಾಡಿ ಎಗರಿ ಒಂದು ತಪ್ಪಾಯ್ತು. ‘ನೀ ಗುಂಡೀಗ್ ಬಿಟ್ಟಿದ್ಕೇ’ ಅಂತ ಅವ್ನನ್ನ ರೇಗಿಸ್ತಿದ್ಲು. ಸಾಯೋವರ್ಗೂ ಬೆರಳು ಜಾರಿಸ್ಕಂಡೇ ನುಡಿಸಿದ್ಲು.”

“ಮತ್ತೆ... ಯಾಕ್ ಮಾರಿದ್ರು ಅಮ್ಮ?”

“ಗೋಡೆಗ್ ಒರಗಿ ಸುಮ್ನಿದ್ರೆ ಅವ್ಳು ದಿನಾ ಸಾಯ್ತಾಳೆ, ಯಾರಾದ್ರೂ ನುಡಿಸ್ಲಿ ಅಂದ. ನೀನು ನುಡಿಸೋದ್ ಕೇಳಿ ಬಂದಾಗ ಇಷ್ಟು ಅನ್ನ ಹೆಚ್ಚು ಉಣ್ತಿದ್ನಮ್ಮ. ಚುಕ್ಕಿ ಹೋದ್ಮೇಲೆ ಆ ಜಾರಾಟನೂ ಹೋಯ್ತು, ಅವ್ಳದ್ದು ಅನ್ನೋದು ಇನ್ನೇನೂ ಉಳೀಲಿಲ್ಲ ಅಂತ ಈ ಶೆಡ್ಡಿನಾಗೇ ಕುಂತ. ನಿನ್ ಮುಂದೆ ಬರಕ್ಕೆ ಮುಖ ಇಲ್ಲ ಅಂತಾನೆ. ಹೇಳ್ದೆ ಇದ್ದಿದ್ ತಪ್ಪು ನಂದೇ ಅಂತಾನೆ.”

ನಾಲ್ಕು ತಿಂಗಳ ಸಿಟ್ಟೆಲ್ಲ ಒಂದೇ ಸಲಕ್ಕೆ ಕರಗಿ, ಅವಳ ಎದೆಯಲ್ಲಿ ಬರೀ ನೋವು ಉಳಿಯಿತು. ತಂಗಿಯ ಕೊನೆಯ ಗುರುತು. ಅದನ್ನು ನಾನು ಕೆರೆಸಿ, ಹೆಂಗೈತೆ ಅಂತ ಕೇಳಿದೆನಲ್ಲ... ದೇವರೇ!

“ಏಡವದ್ದಮ್ಮಾ, ಅಳಬ್ಯಾಡ” ಎಂದು ಕದರಮ್ಮ ಅವಳ ಕಣ್ಣೊರೆಸಿದರು. ತಮ್ಮ ಕಣ್ಣು ಒರೆಸಿಕೊಳ್ಳಲಿಲ್ಲ. “ಬಂದಿದ್ದೀಯ. ಒಂದ್ ಸಲ ಬಾರ್ಸು. ನಾನ್ ಕೇಳಿ ಮೂರು ವರ್ಷ ಆಯ್ತು.”

ಶೆಡ್ಡಿನಲ್ಲಿ ಒಂದು ಬಾಕ್ಸಿಗೆ ವೈರು ಸಿಕ್ಕಿಸಿ, ಅವಳು ಗಿಟಾರ್ ಹೆಗಲಿಗೇರಿಸಿದಳು. ಬಿಳಿಯ ಗುರುತುಗಳು ಕಣ್ಣೀರಿನಲ್ಲಿ ಒಂದೂ ಕಾಣಲಿಲ್ಲ. ಕಣ್ಣು ಮುಚ್ಚಿಕೊಂಡಳು.

ಮೊದಲ ಸಾಲು ಸರಿಯಾಗಿ ಹೋಯಿತು. ಎರಡನೇ ಸಾಲಿನಲ್ಲಿ ಬೆರಳು ಎಂಟಕ್ಕೆ ಬಿತ್ತು. ಸ್ವರ ಒಂದು ಕ್ಷಣ ತಡೆಯಿತು, ಜಾರಿತು, ಸರಿಹೋಯಿತು.

ಹೊರಗೆ ಬೈಕೊಂದು ಸ್ಟ್ಯಾಂಡ್ ಹಾಕದೆಯೇ ಬಿದ್ದ ಸದ್ದು.

ಪಾಲಾಕ್ಷ ಬಾಗಿಲಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ನೋಡಿದ, ಗಿಟಾರಿನ ಅಂಚು ನೋಡಿದ.

“ಇನ್ನೊಂದ್ ಸಲ” ಎಂದ. “ಅದೇ ಸಾಲು... ಇನ್ನೊಂದೇ ಸಲ ಧನು.”

ಅವಳು ನುಡಿಸಿದಳು. ಬೆರಳು ಮತ್ತೆ ಜಾರಿತು.

“ಚುಕ್ಕಿ ಇಲ್ವಲ್ಲ. ಮತ್ತೆ ಹೆಂಗೆ?”

“ಎಷ್ಟು ಪ್ರಯತ್ನ ಪಟ್ರೂ ಹೋಗ್ಲಿಲ್ಲ. ನಿನ್ ತಂಗಿ ನನ್ ಬೆರಳಿಗೆ ಕಲಿಸ್ಬುಟ್ಟವಳೆ ಪಾಲಾಕ್ಷ. ಅದನ್ನ ಯಾರೂ ಕೆರೆಯೋಕಾಗಲ್ಲ... ನಾನೂ ಸೇರಿ.”

ಅವನು ಅಲ್ಲೇ ಬಾಕ್ಸೊಂದರ ಮೇಲೆ ಕುಸಿದು ಕೂತು, ಮಗುವಿನ ಹಾಗೆ ಅತ್ತ. ಕದರಮ್ಮ ಮಗನ ತಲೆ ಸವರಿ, ಸದ್ದಿಲ್ಲದೆ ಹೊರಗೆ ಹೋದರು. ಪಾಪ, ಆ ತಾಯಿಗೂ ಎಲ್ಲಾದರೂ ಒಬ್ಬಳೇ ನಿಂತು ಅಳಬೇಕಿತ್ತು.

“ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲೋ” ಎಂದಳು ಧನಲಕ್ಷ್ಮಿ.

“ಹೆಸರು ಬಾಯಿಗ್ ಬಂದ್ರೆ ಅಳು ಬರ್ತಿತ್ತು. ಅದಕ್ಕೇ ಯಾರಿಗೂ ಹೇಳ್ತಿರ್ಲಿಲ್ಲ.”

“ಕಣ್ಣು ಮುಚ್ಕೊಂಡು ಕೇಳ್ತಿದ್ಯಲ್ಲ, ಅವಳನ್ನಾ?”

“ಮೊದ್ಮೊದ್ಲು ಅವಳನ್ನೇ.” ಅವನು ಸುಳ್ಳು ಹೇಳಲಿಲ್ಲ. “ಆಮೇಲೆ ಕಣ್ಣು ಬುಟ್ಟು ನಿನ್ನನ್ನ ನೋಡ್ತಿದ್ದೆ. ನೀನು ಆಗ ತಂತಿ ನೋಡ್ತಿದ್ದೆ, ಅದ್ಕೇ ಗೊತ್ತಾಗ್ಲಿಲ್ಲ.”

ಅವಳು ಗಿಟಾರಿನ ಕತ್ತಿನ ಮೇಲೆ ಕೈಯಾಡಿಸಿದಳು.

“ಮಾರೋಕೆ ಬಂದ್ಯಾ?” ಅವನು ಮೆಲ್ಲಗೆ ಕೇಳಿದ.

“ವಾಪಸ್ ಕೊಡೋಕೆ.”

“ಗಿಟಾರ್ ಒಂದನ್ನೇ ಆದ್ರೆ ನಾನು ತಗಳಲ್ಲ.”

ಎಷ್ಟೋ ತಿಂಗಳ ಮೇಲೆ ಅವಳು ಜೋರಾಗಿ ನಕ್ಕಳು. ನಗುತ್ತಲೇ ಅತ್ತಳು. ಅವನು ಎದ್ದು ಬಂದು, ಅವಳ ಹೆಗಲಿನ ಮೇಲಿದ್ದ ಪಟ್ಟಿಯನ್ನು ಒಂದು ಬೆರಳಿನಿಂದ ಮುಟ್ಟಿದ.

“ಇದು ಅವ್ಳದ್ದೇ ಅಳತೆ. ನಿಂಗೆ ಬೇಕಾದಂಗೆ ಬದಲಾಯಿಸ್ಕೋ ಧನು. ಈ ಸಲ ನಾನೇನೂ ಅನ್ಕೊಳಲ್ಲ.”

ಅವಳು ಅವನ ಕೈ ಮೇಲೆ ತನ್ನ ಕೈ ಇಟ್ಟಳು.

“ಬೇಡ. ಸರಿಯಾಗೇ ಐತೆ.”