ಗುಲಾಬಿ ಕಾಳು

"ಮುಟ್ಟಿ ನೋಡ, ತಂಗಿ. ಬಲೂನ್ ಹಂಗಾಗೈತಿ!"

ದುಂಡವ್ವ ಅಂಗೈ ಚಾಚಿದಳು. ಅದರಲ್ಲಿ ಒಂದು ಕೋಳಿ ತತ್ತಿ ಇತ್ತು. ಅದಕ್ಕೆ ಚಿಪ್ಪೇ ಇರಲಿಲ್ಲ! ತೆಳ್ಳನೆಯ ಪೊರೆಯೊಳಗೆ ಹಳದಿ ಅಲುಗಾಡುತ್ತಿತ್ತು.

ಸುಗಂಧಾ ಮುಟ್ಟಲಿಲ್ಲ. ಅವಳ ಮನೆಯಲ್ಲಿ ಯಾರೂ ತತ್ತಿ ಮುಟ್ಟುತ್ತಿರಲಿಲ್ಲ. ಆದರೆ ಅವಳು ಆಯಿ ಎನ್ನುವ ಪಕ್ಕದ ಮನೆಯ ಈ ಅಜ್ಜಿಯ ಆರು ಕೋಳಿಗಳೆಂದರೆ ಅವಳಿಗೆ ಪ್ರಾಣ.

"ನಾಲ್ಕ ದಿನಾ ಆತು, ಎಲ್ಲಾ ಹಿಂಗ. ಆ ಕೆಂಪಿ ನೋಡ, ಕುಂಟಾಕತ್ತೈತಿ."

"ಯಾಕ ಆಯಿ? ಜಡ್ಡ ಬಂದೈತೇನ?"

"ಜಡ್ಡಲ್ಲ, ಕಣ್ಣು! ಹಿಂದಿನ ಮನಿ ಸಕ್ಕುಬಾಯಿ ಬಂದು, 'ಎಷ್ಟ ಚಂದ ಅದಾವ ನಿನ್ನ ಕೋಳಿ' ಅಂದ್ಲು. ಅವತ್ತಿನಿಂದ ಹತ್ತಿದ್ದು ಇದು. ನಿನ್ನೆ ಬಾವಿಕಟ್ಟಿ ಮ್ಯಾಲ ಎಲ್ಲಾರ ಮುಂದ ಅಂದು ಬಂದೀನಿ, ನನ್ನ ಬಾಗಲಾ ತುಳೀಬ್ಯಾಡ ಅಂತ."

ಸುಗಂಧಾಗೆ ಬೇಜಾರಾಯಿತು. ಸಕ್ಕುಬಾಯಿ ಮತ್ತು ಆಯಿ ದಿನವೂ ಜೋಡಿಯಾಗಿ ನೀರಿಗೆ ಹೋಗುತ್ತಿದ್ದರು. ಇವತ್ತು ಸಕ್ಕುಬಾಯಿ ಒಬ್ಬಳೇ ಕೊಡ ಹೊತ್ತು, ಯಾರನ್ನೂ ನೋಡದೆ ಹೋಗಿದ್ದಳು.

ಮನೆಗೆ ಬಂದು ಸುಗಂಧಾ ಹಿತ್ತಲಿನ ಚೀಲಕ್ಕೆ ಕೈ ಹಾಕಿದಳು. ಬಿತ್ತಿ ಉಳಿದ ಗೋವಿನಜೋಳದ ಬೀಜ. ಕಾಳೆಲ್ಲ ಗುಲಾಬಿ ಬಣ್ಣ. ಅವ್ವ ಗುಬ್ಬಿಗಳಿಗೆ ಜೋಳ ಚೆಲ್ಲುವಂತೆ, ಸುಗಂಧಾ ಎರಡು ವಾರದಿಂದ ಆಯಿಯ ಕೋಳಿಗಳಿಗೆ ದಿನಾ ಈ ಬೀಜ ಹಾಕುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ.

ಮುಷ್ಟಿ ತುಂಬಿತು. ಗಂಧಕದಂಥ ಸಣ್ಣ ವಾಸನೆ ಮೂಗಿಗೆ ಬಡಿಯಿತು. ಕುಂಟುತ್ತಿದ್ದ ಕೆಂಪಿ ನೆನಪಾಗಿ ಅವಳ ಕೈ ಅಲ್ಲೇ ನಿಂತಿತು.

ಅಪ್ಪ ಅಣ್ಣಾಸಾಬ ಕಟ್ಟೆಯ ಮೇಲೆ ಕೂತು ಟ್ರಾನ್ಸಿಸ್ಟರ್ ತಿರುವುತ್ತಿದ್ದ.

"ಅಪ್ಪಾ, ಬೀಜಕ್ಕ ಬಣ್ಣ ಯಾಕ ಹಚ್ಚತಾರ?"

"ಅದಕ್ಕ ಥೈರಮ್ ಅನ್ನೋ ಪುಡಿ ಹಚ್ಚಿರತಾರ. ಗಂಧಕ ಕೂಡಿದ ಔಷಧ. ನೆಲದಾಗ ಬೀಜಕ್ಕ ಬೂಷ್ಟು ಹಿಡೀಬಾರದಂತ. ಆದ್ರ ಅದು ತಿಂದವ್ರಿಗೆ ವಿಷ. ತಿನ್ನೋ ಕಾಳಲ್ಲ ಅಂತ ಗೊತ್ತಾಗಲಿ ಅಂತನ ಬಣ್ಣ. ಅದಕ್ಕ ಮುಟ್ಟಿದ್ರ ಸಾಬಾಣ ಹಚ್ಚಿ ಕೈ ತೊಳಿ ಅಂದಿದ್ದೆ."

"ಕೋಳಿ ತಿಂದ್ರ?"

"ಕೋಳಿಗಂತೂ ಭಾಳ ಕೆಟ್ಟ. ಕಾಲು ಸೊಟ್ಟ ಆಗತಾವು, ತತ್ತಿಗೆ ಚಿಪ್ಪ ಕಟ್ಟಂಗಿಲ್ಲ ಅಂತ ಗ್ರಾಮಸೇವಕ್ರು ಹೇಳಿದ್ರು." ಅಪ್ಪ ತಲೆ ಎತ್ತಿದ. "ಯಾಕ ಕೇಳಾಕತ್ತಿ?"

ಸುಗಂಧಾ ತನ್ನ ಅಂಗೈ ನೋಡಿಕೊಂಡಳು. ಅವಳು ದಿನವೂ ತನ್ನ ಕೈ ಮಾತ್ರ ಸಾಬಾಣ ಹಚ್ಚಿ ಚೆನ್ನಾಗಿ ತೊಳೆದುಕೊಂಡಿದ್ದಳು.

ಅವಳು ಹೇಳಿದ್ದನ್ನೆಲ್ಲ ಕೇಳಿದ ಅಪ್ಪ ಬೈಯಲಿಲ್ಲ. ಚೀಲ ಕಟ್ಟಿ ಅಟ್ಟದ ಮೇಲಿಟ್ಟ. "ಆ ತತ್ತಿ ಯಾರೂ ತಿನ್ನಬಾರದು. ಇನ್ಮುಂದ ಆ ಕಾಳು ತಿನ್ನದಿದ್ರ ಕೋಳಿ ಸುಧಾರಿಸಬಹುದು. ನಾ ಬರ್ಲೇನ?"

"ಬ್ಯಾಡ. ನಾನ ಹೇಳ್ತೀನಿ."

ದುಂಡವ್ವ ಅಂಗಳದಲ್ಲೇ ಇದ್ದಳು.

"ಆಯಿ, ಕಣ್ಣಲ್ಲ. ನಾ ಹಾಕಿದ ಕಾಳು." ಉಳಿದದ್ದನ್ನು ಸುಗಂಧಾ ಅಳುತ್ತಲೇ ಹೇಳಿದಳು.

ದುಂಡವ್ವ ಒಳಗಿಂದ ಕಸಬರಿಗೆ ತಂದಳು. ಇಬ್ಬರೂ ಬಗ್ಗಿ ಅಂಗಳದ ಮಣ್ಣಿನಲ್ಲಿ ಸಿಕ್ಕಿದ್ದ ಒಂದೊಂದು ಗುಲಾಬಿ ಕಾಳನ್ನೂ ಹೆಕ್ಕಿ, ದೂರ ಒಯ್ದು ಆಳವಾಗಿ ಹೂತು ಬಂದರು. ಕೈಕಾಲು ತೊಳೆದುಕೊಂಡ ಮೇಲೆ ದುಂಡವ್ವ ಸೆರಗು ಹೊದ್ದಳು.

"ನಡಿ."

ಸಕ್ಕುಬಾಯಿ ಬಾಗಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಇವರನ್ನು ನೋಡಿಯೂ ನೋಡದವಳಂತೆ ಮೊರದಲ್ಲಿ ಅಕ್ಕಿ ಕೇರಿದಳು.

"ಸಕ್ಕು, ಈ ಹುಡುಗಿ ಏನೋ ಹೇಳ್ತಾಳ, ಕೇಳ," ಎಂದಳು ದುಂಡವ್ವ.

ಸುಗಂಧಾ ಮತ್ತೊಮ್ಮೆ ಎಲ್ಲ ಹೇಳಿದಳು. ಸಕ್ಕುಬಾಯಿಯ ಕೈ ನಿಂತಿತು. ಆದರೆ ಅವಳು ತಲೆ ಎತ್ತಲಿಲ್ಲ.

ದುಂಡವ್ವ ಹೊರಗೇ ನಿಂತು ಕಾಲಿನಿಂದ ಕಾಲಿಗೆ ಭಾರ ಬದಲಿಸಿದಳು. ಕೊನೆಗೆ ಮೆಲ್ಲಗೆ ಕೇಳಿದಳು, "ಮಜ್ಜಿಗಿ ಐತೇನ ಸಕ್ಕು? ನೀರಡಿಕಿ ಆಗೈತಿ."

ಸಕ್ಕುಬಾಯಿ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಮಜ್ಜಿಗೆ ತುಂಬಿದ ಚರಿಗೆ ಇತ್ತು.

"ಹೊರಗ್ಯಾಕ ನಿಂತಿ? ಒಳಗ ಬಾ."

ದುಂಡವ್ವ ಹೊಸ್ತಿಲು ದಾಟಿ ಕೂತು, ಚರಿಗೆ ಎತ್ತಿ ಗಟಗಟ ಕುಡಿದಳು.

ಇಲ್ಲಿಗೆ ಬರುವ ಮುಂಚೆಯೇ ಆಯಿ ತಂಬಿಗೆ ತುಂಬ ನೀರು ಕುಡಿದದ್ದನ್ನು ಸುಗಂಧಾ ನೋಡಿದ್ದಳು. ಅದನ್ನು ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡು, ಇಬ್ಬರ ನಡುವೆ ಹೋಗಿ ಕೂತಳು.